ಸಂಜಿಗೆ ನೋಡಾಕ ಬರ್ತೀವಿ

ಊರು ತೋರಿಸುವುದು ಅಂಥ ಘನಂದಾರಿ ಕೆಲಸವೇನಲ್ಲ ಎಂದೇ ನಾನು ತಿಳಿದಿದ್ದೆ. ಗಜೇಂದ್ರಗಡದಲ್ಲಿ ಹುಟ್ಟಿ, ಗಜೇಂದ್ರಗಡದಲ್ಲೇ ಬಟ್ಟೆ ಅಂಗಡಿ ಇಟ್ಟು, ಗಜೇಂದ್ರಗಡದಲ್ಲೇ ತಲೆ ಬೋಳು ಮಾಡಿಕೊಂಡವನು ನಾನು. ನನಗಿಂತ ಬೇರೆ ಗೈಡ್ ಬೇಕೆ?

ಪ್ರಸಂಗ ಒದಗಿ ಬಂದದ್ದು ನನ್ನ ಹೆಂಡತಿ ಶಾಂತಾಳ ಅಕ್ಕ ಸುಮಿತ್ರಾ ಅವರಿಂದ. ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಹೋಗಿ ಕೆಲವು ತಿಂಗಳು ಇದ್ದು ಬಂದಿದ್ದರು. ನಮ್ಮ ಮನೆಗೆ ಬಂದವರೇ ಅಡುಗೆಮನೆಯಲ್ಲಿ ಕುಳಿತು ಮೊಬೈಲ್ ತೆರೆದರು.

"ಇದು ಗಡಿಯಾರದ ಗೋಪುರ. ಇದು ಬಾತುಕೋಳಿ ಕೆರಿ. ಇದು ಸೊಟ್ಟ ಮನಿ, ಒಳಗ ಚಾ ಮಾರ್ತಾರ. ಇದು ಬರೇ ಕಲ್ಲು, ಆದ್ರ ಅದಕ್ಕೂ ಒಂದು ಬೋರ್ಡ್ ಹಾಕ್ಯಾರ! ಇದು ಹಳೇ ಮಗ್ಗ. ಗಾಜಿನ ಹಿಂದ ಇಟ್ಟು, ಮುಟ್ಟಬ್ಯಾಡ್ರಿ ಅಂತ ಬರದಾರ."

ಆಮೇಲೆ ತಂಗಿಯ ಕಡೆ ತಿರುಗಿ, "ಪಾಪ ಶಾಂತಿ, ನಿನ್ನ ಈ ಊರಿಗೆ ಕೊಟ್ವಿ. ಇಲ್ಲೇನೈತಿ ನೋಡಾಕ? ನೀ ಏನೂ ಕಾಣಲಿಲ್ಲ ನೋಡು" ಎಂದರು.

ಶಾಂತಾ ಚಪಾತಿ ಲಟ್ಟಿಸುತ್ತಿದ್ದಳು. ಲಟ್ಟಣಿಗೆ ಒಂದು ಕ್ಷಣ ನಿಂತು ಮತ್ತೆ ಉರುಳಿತು. ನನ್ನ ಹೆಂಡತಿಯನ್ನು ಪಾಪ ಅನ್ನುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ, ಅದು ಅವಳನ್ನು ಕಟ್ಟಿಕೊಂಡ ನನಗೆ ಮಾತ್ರ!

"ನಾಳಿ ನಮ್ಮೂರು ತೋರಸ್ತೀನ್ರಿ ಅಕ್ಕಾರ!" ಎಂದು ಘೋಷಿಸಿದೆ.

ಬೆಳಿಗ್ಗೆ ಕೋಟೆ ಗುಡ್ಡ ಹತ್ತಿದೆವು. ಅಂದರೆ ಅಕ್ಕತಂಗಿಯರು ಹತ್ತಿದರು. ಗೈಡ್ ಮಹಾಶಯರು ನಡುವೆಯೇ ಕುಕ್ಕರಿಸಿ, ನೀರು ಕುಡಿದು, ಗಾಳಿ ಹಾಕಿಸಿಕೊಂಡು ಮೇಲೆ ಮುಟ್ಟಿದರು. ಅಲ್ಲೊಂದು ಹೊಂಡ ಕಂಡಿತು. "ಇದು ರಾಣಿ ಜಳಕದ ಹೊಂಡ!" ಎಂದು ಕೈ ಚಾಚಿದೆ.

"ಅಲ್ರೀ, ಇದರಾಗ ಕುದುರಿಗೆ ನೀರು ಕುಡಸ್ತಿದ್ರಂತ" ಎಂದಳು ಶಾಂತಾ, ಮೆಲ್ಲಗೆ.

ಸುಮಿತ್ರಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗುಡ್ಡದಾಚೆಯ ಗಾಳಿಯಂತ್ರಗಳನ್ನಾದರೂ ತೋರಿಸೋಣವೆಂದರೆ, ಅವತ್ತೇ ಗಾಳಿ ಬಿದ್ದು ಹೋಗಿ ಎಲ್ಲವೂ ಸುಮ್ಮನೆ ನಿಂತಿದ್ದವು.

ಆಗ ನನಗೆ ನೆನಪಾಯಿತು, ಮಗ್ಗ! ಅಲ್ಲಿ ಗಾಜಿನ ಹಿಂದೆ ಸತ್ತ ಮಗ್ಗ, ಇಲ್ಲಿ ಓಣಿಯಲ್ಲಿ ಜೀವಂತ ಮಗ್ಗ! ನಮ್ಮ ದೂರದ ಸಂಬಂಧಿ ಫಕೀರಪ್ಪನ ಮನೆಯಲ್ಲಿ ಸೀರೆ ನೇಯುತ್ತಾರೆ. ಕೂಡಲೇ ಫೋನ್ ಹಚ್ಚಿದೆ.

"ಫಕೀರಪ್ಪ, ನಮ್ಮನಿಯಾಕಿ ಅಕ್ಕಾರ ಇಂಗ್ಲೆಂಡಿನಿಂದ ಬಂದಾರ. ಸಂಜಿಗೆ ನಿಮ್ಮ ಮನಿಗೆ ನೋಡಾಕ ಬರ್ತೀವಿ."

ಆ ಕಡೆಯಿಂದ ಗದ್ಗದ ದನಿ: "ಬರ್ರಿ ಈರಣ್ಣ, ಅಗದೀ ಬರ್ರಿ. ನಮ್ಮ ಪುಣ್ಯಾ!"

ಸಂಜೆ ಹೋದಾಗ ಬಾಗಿಲಿಗೆ ರಂಗೋಲಿ, ಒಳಗೆ ಹೊಸ ಜಮಖಾನ. ಇಬ್ಬರು ಹಿರಿಯರು ತಲೆಗೆ ಪಟಗ ಸುತ್ತಿಕೊಂಡು ಕುಳಿತಿದ್ದರು. ಒಳಗಿನಿಂದ ಶಿರಾದ ವಾಸನೆ. ಫಕೀರಪ್ಪ ಎಂಥ ಸಂಭಾವಿತ ಎಂದುಕೊಂಡೆ. ಒಂದೇ ಸೋಜಿಗ: ನಾವು ನೋಡಲು ಬಂದ ಮಗ್ಗದ ಮೇಲೆ ಚಾದರ ಹೊದಿಸಿದ್ದರು. ಅಷ್ಟರಲ್ಲಿ ಮಗಳು ರೇಣುಕಾ ಇಳಕಲ್ ಸೀರೆ ಉಟ್ಟು, ತಲೆ ತಗ್ಗಿಸಿ, ಉಪ್ಪಿಟ್ಟು ಶಿರಾ ತಂದಿಟ್ಟು ಚಾದರದ ಪಕ್ಕದಲ್ಲೇ ಕುಳಿತಳು. ಶಾಂತಾ ಮೊಣಕೈಯಿಂದ ತಿವಿದಳು. ಜಾಗ ಸಾಲದೇನೋ ಎಂದು ನಾನು ಸ್ವಲ್ಪ ಸರಿದು ಕುಳಿತೆ.

ನಮ್ಮ ಕಡೆ ಮನೆಯ ಮಗಳಿಗೂ 'ಅದು' ಎನ್ನುತ್ತೇವೆ, ಮಗ್ಗಕ್ಕೂ 'ಅದು' ಎನ್ನುತ್ತೇವೆ. ವ್ಯಾಕರಣ ಅಂದು ನನ್ನ ಕೈಬಿಟ್ಟಿತು.

"ಇದಕ್ಕ ಎಷ್ಟು ವರ್ಷ ಆತು, ಫಕೀರಪ್ಪ?" ಎಂದು ಚಾದರದ ಕಡೆ ನೋಡಿ ಕೇಳಿದೆ.

"ಶ್ರಾವಣಕ್ಕ ಇಪ್ಪತ್ನಾಕು ತುಂಬತಾವ್ರಿ."

"ಹಂಗಾರ ಭಾಳ ಹಳೇದಲ್ಲ! ಸಪ್ಪಳ ಮಾಡ್ತೈತೇನು?"

"ಛೇ ಛೇ! ಮನ್ಯಾಗ ಐತೋ ಇಲ್ಲೋ ಅನ್ನೂದು ಗೊತ್ತಾಗೂದಿಲ್ರಿ."

"ಇದು ಒಂದ ಐತೇನು?"

"ಈಗ ಒಂದ ರೀ. ದೊಡ್ಡದನ್ನ ಹೋದ ವರ್ಷ ನರಗುಂದಕ್ಕ ಕೊಟ್ವಿ."

"ಯಾಕ ಕೊಟ್ಟಿ ಮಾರಾಯ? ಹುಳ ಹಿಡದಿತ್ತೇನು?"

ಪಟಗದ ಹಿರಿಯರೊಬ್ಬರ ಬಾಯಿಗೆ ಹೊರಟಿದ್ದ ಶಿರಾ ಅಲ್ಲೇ ನಿಂತಿತು. ಫಕೀರಪ್ಪನ ಮುಖ ಬಿಳಿಚಿತು. ಆಗ, ಆಗ ಮಾತ್ರ, 'ನೋಡಾಕ ಬರ್ತೀವಿ' ಎಂಬ ನನ್ನ ಮಾತಿಗೆ ಹೆಣ್ಣು ಹೆತ್ತ ಮನೆಯಲ್ಲಿ ಏನರ್ಥ ಎಂಬುದು ನನ್ನ ಬೋಳು ತಲೆಗೆ ಇಳಿಯಿತು. ನೆಲ ಬಾಯಿ ಬಿಡಬಾರದೇ ಅನಿಸಿತು. ಒಬ್ಬ ತಂದೆಯ ಆಸೆಯನ್ನು ನಾನು ಫೋನಿನಲ್ಲಿ ಎಬ್ಬಿಸಿ ಜಮಖಾನದ ಮೇಲೆ ಕೊಂದಿದ್ದೆ.

ಶಾಂತಾ ಎದ್ದಳು. ನೆಟ್ಟಗೆ ಹೋಗಿ ರೇಣುಕಾಳ ಕೈ ಹಿಡಿದಳು.

"ಫಕೀರಪ್ಪಣ್ಣ, ತಪ್ಪಾತು. ರೇಣುಕಾ ನೇಯೂದನ್ನ ನಮ್ಮಕ್ಕಗ ತೋರಸಬೇಕಂತ ಬಂದ್ವಿ. ನಮ್ಮನಿಯವರು ಹೇಳೂದೊಂದು, ಅರ್ಥ ಆಗೂದೊಂದು. ಸಿಟ್ಟಾಗಬ್ಯಾಡ್ರಿ."

ಅಷ್ಟರಲ್ಲಿ ತಗ್ಗಿಸಿದ ತಲೆಯ ಕೆಳಗಿನಿಂದ ಕಿಸಕ್ಕನೆ ನಗು ಬಂತು.

"ನನಗೇನೂ ಹುಳ ಹಿಡದಿಲ್ರಿ ಕಾಕಾ! ಇಂಗ್ಲೆಂಡಿಗೆ ಕೊಡ್ತಾರಂತ ಮಧ್ಯಾಹ್ನದಿಂದ ಅಳಾಕತ್ತಿದ್ದೆ!"

ಮೊದಲು ಹಿರಿಯರು ನಕ್ಕರು, ಕೊನೆಗೆ ಫಕೀರಪ್ಪನೂ ಕಣ್ಣೊರೆಸಿಕೊಂಡು ನಕ್ಕ. "ಇರಲಿ ಬಿಡ್ರಿ. ಶಿರಾ ಆರ್ತೈತಿ, ತಿನ್ರಿ" ಎಂದ.

ರೇಣುಕಾ ಸೆರಗು ಕಟ್ಟಿ, ಚಾದರ ಎಳೆದು, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿದಳು. ಎಳೆಗಳ ನಡುವೆ ನೂಲಿನ ಲಾಳಿ ಓಡಾಡತೊಡಗಿತು. ಸುಮಿತ್ರಕ್ಕ ಅಂಜುತ್ತ ಕೇಳಿದರು: "ಮುಟ್ಟಲೇನವಾ?"

"ಮುಟ್ರಿ ಅಮ್ಮಾ. ಶಾಂತಕ್ಕ ದಿನಾ ಬಂದು ಮುಟ್ತಾಳ. ಈ ಅಂಚಿನ ಬಣ್ಣ ಆಕಿನ ಆರಿಸಿದ್ದು."

ದಿನಾ? ನನಗದು ಹೊಸ ಸುದ್ದಿ! ವಾಪಸು ಬರುವಾಗ ಓಣಿಯ ತುಂಬ "ಶಾಂತಕ್ಕಾ, ಚಾ ಕುಡದು ಹೋಗ" ಎಂಬ ಕೂಗು. ಸುಮಿತ್ರಕ್ಕ ತಂಗಿಯ ಭುಜ ಹಿಡಿದು ನಡೆಯುತ್ತಿದ್ದರು.

"ಅಲ್ಲಿ ಬಾತುಕೋಳಿ ಬಿಟ್ರ ನನ್ನ ಗುರ್ತು ಹಿಡಿಯವ್ರ ಇರಲಿಲ್ಲ ಶಾಂತಿ. ಪಾಪ ನೀನಲ್ಲವಾ, ನಾನು" ಎಂದರು.

ಶಾಂತಾಳ ತಲೆ ಮೇಲೆದ್ದಿತ್ತು. ಎತ್ತಿದವನು ನಾನಂತೂ ಅಲ್ಲ.

ಮನೆ ಮುಟ್ಟಿದ ಮೇಲೆ ಮೆಲ್ಲಗೆ ಅವಳ ಹತ್ತಿರ ಸರಿದೆ. "ಸಿಟ್ಟು ಬಂದೈತೇನು?"

"ಆ ಊರಾಗ ಕಲ್ಲಿಗೂ ಬೋರ್ಡ್ ಹಾಕ್ತಾರಂತ. ನಿಮಗೂ ಒಂದು ಬರಸಬೇಕ್ರಿ."

"ಏನಂತ?"

"ಹಳೇದು. ಸಪ್ಪಳ ಭಾಳ. ಆದ್ರ ಯಾರಿಗೂ ಕೊಡೂದಿಲ್ಲ."

ಹುಳದ ವಿಷಯ ಕೇಳುವ ಧೈರ್ಯ ನನಗಾಗಲಿಲ್ಲ.