ಗಿರ್ದಾವರರ ಕುದುರೆಗೆ ಜೀನು

ತಾವರಗೇರಾದಲ್ಲಿ ಕಂದಾಯದ ಕೆಲಸ ನೋಡುವ ಗಿರ್ದಾವರ ದೇವೇಂದ್ರಪ್ಪನ ಕುದುರೆಗೆ ಯಾವ ಜೀನೂ ಒಗ್ಗುತ್ತಿರಲಿಲ್ಲ. ಅದರ ನಡು ಬತ್ತಿದ ಕೆರೆಯಂತೆ ಕುಸಿದಿತ್ತು, ಹೊಟ್ಟೆ ರಂಜಣಿಗೆಯಂತೆ ಉಬ್ಬಿತ್ತು. ಹೋದ ಸಲ ತಹಶೀಲ್ದಾರ ಸಾಹೇಬರು ಬಂದಾಗ ದೇವೇಂದ್ರಪ್ಪ ಸಲಾಮಿಗೆಂದು ಕೈಯೆತ್ತಿದವನೇ ಜೀನು ಸಮೇತ ಜಾರಿ ಕುದುರೆಯ ಹೊಟ್ಟೆಯಡಿ ಜೋತುಬಿದ್ದಿದ್ದ. ಎತ್ತಿದ ಕೈ ಮಾತ್ರ ಇಳಿಸಿರಲಿಲ್ಲ.

ಈಗ ಸಾಹೇಬರು ಊರಾಚೆಯ ಹುಣಸೆತೋಪಿನಲ್ಲಿ ಮತ್ತೆ ಡೇರೆ ಹಾಕಿದ್ದರು. ಬೆಳಗಾಗುತ್ತಲೇ ಅವರ ಜವಾನ ಬಂದು ಹುಕುಂ ಹೇಳಿದ.

"ಹೊತ್ತು ನೆತ್ತಿಗೆ ಬರೂದ್ರಾಗ ಕುದರಿ ಮ್ಯಾಲ ಹಾಜರಾಗ್ಬೇಕಂತ್ರಿ. ಈ ಸಲ ಬಿದ್ರ ನೌಕರಿಯಿಂದ ಬರತರಫ!"

ದೇವೇಂದ್ರಪ್ಪ ಓಡಿಹೋಗಿ ಜೀನು ಹೊಲಿಯುವ ಶಫೀಸಾಬನನ್ನು ಕರೆತಂದ. ಸಾಬ ತಂದ ಒಂದು ಜೀನು ಕುತ್ತಿಗೆಗೆ ಜಾರಿತು, ಇನ್ನೊಂದನ್ನು ಕುದುರೆಯೇ ಕೊಡವಿ ಕೆಡವಿತು.

"ನನ್ನ ಜೀನು ಛಲೋ ಅದಾವ್ರಿ," ಎಂದ ಶಫೀಸಾಬ. "ಕುದರೀನ ಬದಲಿ ಮಾಡ್ರಿ."

ಅಷ್ಟರಲ್ಲಿ ಓಣಿಯೇ ನೆರೆದಿತ್ತು. ಎದುರುಮನೆಯ ಅಂದಪ್ಪ ಹಗ್ಗ ಹಿಡಿದು ಬಂದ. "ನಿಮ್ಮನ್ನ ಕುದರಿಗೆ ಬಿಗದು ಕಟ್ಟತೀನ್ರಿ. ಬಿದ್ರ ಇಬ್ರೂ ಕೂಡೇ ಬೀಳ್ತೀರಿ. ಒಬ್ಬರದ ಮಾನ ಹೋಗೂದಿಲ್ಲ."

ಪಕ್ಕದ ಮನೆಯ ಹಸೀನಾಬೇಗಂ ಅವನನ್ನು ಸರಿಸಿದಳು. "ಹಾಸಿಗಿ ತಗ್ಗಾದ್ರ ನಾವೇನ್ ಮಾಡ್ತೀವಿ? ದಿಂಬು ಇಡ್ತೀವಿ!" ಎಂದು ಹತ್ತಿಯ ಎರಡು ದಿಂಬು ತಂದಳು. ದೇವೇಂದ್ರಪ್ಪನ ಹೆಂಡತಿ ಮಾಳವ್ವ ದಬ್ಬಣ ಹಿಡಿದು ಅವನ್ನು ಜೀನಿನ ಅಡಿಯಲ್ಲಿ ಆಚೆಗೊಂದು ಈಚೆಗೊಂದು ಹೊಲಿದಳು. ಬಿಗಿದು ನೋಡಿದರೆ, ಜೀನು ಬೆನ್ನ ಮೇಲೇ ಹುಟ್ಟಿದಂತೆ ಕೂತಿತ್ತು! ಜಗ್ಗಿದರೂ ಅಲುಗಲಿಲ್ಲ.

ದೇವೇಂದ್ರಪ್ಪ ಉಸಿರು ಬಿಗಿಹಿಡಿದು ಏರಿದ. ಕುದುರೆ ಒಮ್ಮೆ ಮೈ ಅಲುಗಿಸಿ ನೋಡಿಕೊಂಡಿತು. ಎಲ್ಲೂ ಒತ್ತಲಿಲ್ಲ, ಚುಚ್ಚಲಿಲ್ಲ. ಇಷ್ಟು ದಿನ ಅದು ಮೆಲ್ಲಗೆ ನಡೆದದ್ದು ಸಾಧುತನದಿಂದಲ್ಲ, ಬೆನ್ನುನೋವಿನಿಂದ ಎಂಬುದು ಊರ ಅಗಸಿಬಾಗಿಲು ದಾಟುವಷ್ಟರಲ್ಲಿ ಅವನಿಗೆ ತಿಳಿಯಿತು.

ಕುದುರೆ ಬಿಟ್ಟ ಬಾಣವಾಯಿತು. "ನಿಲ್ಲವ್ವಾ! ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಲ!" ಲಗಾಮು ಜಗ್ಗಿದಷ್ಟೂ ಅದಕ್ಕೆ ಹುರುಪು. ಡೇರೆಗಳ ನಡುವೆ ನುಗ್ಗಿತು. ಚಹಾದ ಬಟ್ಟಲು ಹಿಡಿದ ಸಾಹೇಬರು ಎದ್ದು ನಿಂತರು. ದೇವೇಂದ್ರಪ್ಪ ಹಾದುಹೋಗುತ್ತಲೇ ಸಲಾಮು ಹೊಡೆದ, ಹಿಂದೆ ಧೂಳಷ್ಟೇ ಉಳಿಯಿತು.

ಹಳ್ಳದವರೆಗೆ ಓಡಿ ದಣಿದ ಕುದುರೆಯನ್ನು ತಿರುಗಿಸಿಕೊಂಡು ಅವನು ಬಂದ. ನೌಕರಿ ಮುಗೀತು ಎಂದುಕೊಂಡೇ ಡೇರೆಯ ಮುಂದೆ ಇಳಿದ. ಸಾಹೇಬರು ದಾಪುಗಾಲಿಟ್ಟು ಬಂದು ಅವನನ್ನು ಅಪ್ಪಿಕೊಂಡರು.

"ಶಾಬಾಶ್! ಗಾಳಿಯಂಗ ಓಡೋ ಕುದರಿ ಮ್ಯಾಲ ಕೂತು ಸಲಾಮು ಬ್ಯಾರೆ! ಇಂಥಾ ಸವಾರನ್ನ ನಾ ಭಾಳ ದಿನದಿಂದ ಹುಡಕತಿದ್ದೆ."

ಡೇರೆಯ ಹಿಂದಕ್ಕೆ ಕರೆದೊಯ್ದರು. ಅಲ್ಲಿ ನಾಲ್ಕು ಮಂದಿ ಹಗ್ಗ ಹಿಡಿದು ನಿಲ್ಲಿಸಿದ್ದ ಕರಿ ಕುದುರೆಯೊಂದು ಹಿಂಗಾಲು ಝಾಡಿಸುತ್ತಿತ್ತು.

"ನನ್ನ ಹೊಸಾ ಕುದರಿ. ಇದನ್ನ ಇವತ್ತಿಂದ ನೀವ ಪಳಗಸ್ರಿ."

"ಇದರ ಜೀನು ಎಲ್ಲೈತ್ರಿ, ಸಾಹೇಬ್ರ?" ದೇವೇಂದ್ರಪ್ಪ ಸುತ್ತ ಹುಡುಕಿ ನೋಡಿದ.

"ಇದಕ್ಕ ಇನ್ನೂ ಯಾರೂ ಜೀನು ಹಾಕಿಲ್ಲ," ಎಂದರು ಸಾಹೇಬರು ಅಕ್ಕರೆಯಿಂದ. "ಹಾಕಾಕ ಹೋದವ್ರು ದವಾಖಾನ್ಯಾಗ ಅದಾರ."