ಮೂವತ್ತೆರಡು ಡಿಗ್ರಿಯಲ್ಲಿ ಅರ್ಹ

ದೇಹದ ಕೊಬ್ಬು ಶೇಕಡಾ ಇಪ್ಪತ್ತೈದನ್ನು ಮೀರಿದ ನೌಕರರು ಕರ್ತವ್ಯಕ್ಕೆ ಅನರ್ಹರೆಂದು ಗಡಿಕಲ್ಲು ನಿರ್ದೇಶನಾಲಯದ ಈ ವರ್ಷದ ಮೊದಲನೆಯ ಸುತ್ತೋಲೆಯಲ್ಲಿ ಘೋಷಿಸಲಾಗಿದೆ. ಗಡಿಕಲ್ಲಿಗೂ ಕೊಬ್ಬಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನಾನು ಅಲ್ಲಿ ಟಪಾಲು ಗುಮಾಸ್ತ. ಸುತ್ತೋಲೆಗೆ ಸಂಖ್ಯೆ ಹಾಕುವುದು ನನ್ನ ಕೆಲಸ, ಹಾಕಿದೆ.

ಅಳೆಯುವ ಯಂತ್ರವನ್ನು ಹಳೆಯ ದಾಖಲೆ ಕೋಣೆಯಲ್ಲಿ ಪ್ರತಿಷ್ಠಾಪಿಸಲಾಯಿತು. ಬರಿಗಾಲಲ್ಲಿ ಅದರ ಮೇಲೆ ನಿಂತು ಎರಡು ಹಿಡಿಗಳನ್ನು ಹಿಡಿದುಕೊಂಡರೆ ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ತೋರಿಸುತ್ತದೆ. ಬೆಲೆಬಾಳುವ ಯಂತ್ರಕ್ಕೆ ಸೆಕೆಯಾಗಬಾರದೆಂದು ಉಗ್ರಾಣಾಧಿಕಾರಿಗಳು ಎ.ಸಿ.ಯನ್ನು ಹದಿನಾರು ಡಿಗ್ರಿಗೆ ಇಟ್ಟು, ರಿಮೋಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಜೇಬಿಗಿಳಿಸಿಕೊಂಡು ಆರು ತಿಂಗಳ ತರಬೇತಿಗೆ ಹೊರಟುಹೋದರು. ಗೋಡೆಯ ಸ್ವಿಚ್ ಆರಿಸಬಹುದಿತ್ತು. ಆದರೆ ಯಂತ್ರಕ್ಕೂ ಎ.ಸಿ.ಗೂ ಅದೊಂದೇ ಸ್ವಿಚ್ಚು.

ಮೊದಲ ದಿನವೇ ನಿರ್ದೇಶಕರ ಕಾರಿನ ಚಾಲಕ ಸಿಕ್ಕಿಬಿದ್ದ. ಇಪ್ಪತ್ತೆರಡು ವರ್ಷ ಸರ್ವಿಸ್ ಆದ ಮನುಷ್ಯ. ಎಷ್ಟು ಸಣಕಲು ಎಂದರೆ, ಬೀರುಗಳ ಸಂದಿಯಲ್ಲಿ ಕಡತ ಬಿದ್ದರೆ ತೆಗೆಯಲು ಎಲ್ಲರೂ ಕರೆಯುತ್ತಿದ್ದುದು ಅವನನ್ನೇ. ಯಂತ್ರ 26.4 ತೋರಿಸಿತು. ಹದಿನೈದು ದಿನದೊಳಗೆ ಇಳಿಸದಿದ್ದರೆ ಕೆಲಸದಿಂದ ವಜಾ ಎಂಬ ನೋಟಿಸನ್ನು ನಾನೇ ಅವನ ಕೈಗೆ ಕೊಟ್ಟೆ. ಕೊಡುವಾಗ ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಅವನು ರಾತ್ರಿಯೂಟ ಬಿಟ್ಟ. "ಮೈಯಲ್ಲಿ ಇಳಿಸೋಕೆ ಏನಿದೆ ಅಂತ ಇಳಿಸ್ತೀರಿ?" ಎಂದು ಹೆಂಡತಿ ಗದರಿದಳಂತೆ. ಹದಿನೈದು ದಿನಕ್ಕೆ ಬೆಲ್ಟಿಗೆ ಎರಡು ಹೊಸ ತೂತು ಬಿದ್ದವು. ಅಂದು ಬೆಳಿಗ್ಗೆ ಮೋಡ ಕವಿದು ಚಳಿಯಿತ್ತು. ಯಂತ್ರ 26.7 ತೋರಿಸಿತು.

ಯಂತ್ರ ನೋಡಿಕೊಳ್ಳುವ ನರ್ಸ್ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದರು.

"ನಿಮ್ಮದೇನೂ ತಪ್ಪಿಲ್ಲಣ್ಣ," ಎಂದರು. "ಇದು ಮೈಯೊಳಗೆ ಒಂಚೂರು ಕರೆಂಟ್ ಬಿಡುತ್ತೆ. ಚರ್ಮ ತಣ್ಣಗಿದ್ರೆ ಕರೆಂಟ್ ಸಲೀಸಾಗಿ ಓಡಲ್ಲ. ಅದನ್ನೇ ಇದು ಕೊಬ್ಬು ಅಂದ್ಕೊಳ್ಳುತ್ತೆ."

"ಅದನ್ನೇ ಬರೆದುಕೊಡಿ ಸಿಸ್ಟರ್. ಈ ವಯಸ್ಸಲ್ಲಿ ನನಗೆ ಬೇರೆ ಕೆಲಸ ಯಾರು ಕೊಡ್ತಾರೆ?"

ಬರೆದುಕೊಟ್ಟರು. ನಿರ್ದೇಶಕರು ಓದಿ, "ತಣ್ಣಗಿದೀನಿ ಅಂತ ಕೋಣೆ ಏನಾದ್ರೂ ಅರ್ಜಿ ಕೊಟ್ಟಿದ್ಯಾ?" ಎಂದು ಕೇಳಿದರು. ಕೊಟ್ಟಿರಲಿಲ್ಲ. ಆದರೂ ದಯಾಳುಗಳಾದ ಅವರು ಬೇರೆಡೆ ಮರುಪರೀಕ್ಷೆಗೆ ಅನುಮತಿಸಿದರು. ನಾಲ್ವರು ಯಂತ್ರವನ್ನು ಹೊತ್ತು ಕ್ಯಾಂಟೀನಿನ ಅಡುಗೆಕೋಣೆಗೆ ತಂದರು. ಒಲೆಯ ಪಕ್ಕ ಮೂವತ್ತೆರಡು ಡಿಗ್ರಿ. ಚಾಲಕ ಅರ್ಧ ಗಂಟೆ ಅಲ್ಲೇ ನಿಂತು ಬೆವರಿ ಯಂತ್ರ ಹತ್ತಿದ. 24.8. ಅವನು ಟವೆಲಿನಿಂದ ಮುಖ ಒರೆಸಿಕೊಂಡ, ಕಣ್ಣನ್ನು ಮಾತ್ರ ಎರಡು ಸಲ ಒರೆಸಿಕೊಂಡ.

'ಮೂವತ್ತೆರಡು ಡಿಗ್ರಿಯಲ್ಲಿ ಅರ್ಹ' ಎಂದು ಪ್ರಮಾಣಪತ್ರ ಬಂತು. ಸಿಬ್ಬಂದಿ ಶಾಖೆಯ ಮೇಲ್ವಿಚಾರಕಿ ಅದನ್ನು ನಾಲ್ಕು ಸಲ ಓದಿ ಆಕ್ಷೇಪಣೆ ಎತ್ತಿದರು.

"ಸಾರ್, ನಿಮ್ಮ ಕಾರಿನೊಳಗೆ ಇಪ್ಪತ್ತೆರಡು ಡಿಗ್ರಿ. ಅಂದ್ರೆ ಈತ ಒಳಗೆ ಕೂತ ತಕ್ಷಣ ಅನರ್ಹ ಆಗ್ತಾನೆ."

"ಬೇರೆ ಚಾಲಕ ಬರೋಕೆ ಎಷ್ಟು ದಿನ ಬೇಕು?"

"ಮೂರು ವರ್ಷ ಸಾರ್. ಅಲ್ಲಿವರೆಗೆ ಬಸ್ಸಿದೆ."

ನಿರ್ದೇಶಕರು ಬಸ್ಸಿನ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿದರು. ಅದೇ ಸಂಜೆ ನಾನು ಈ ಆದೇಶಕ್ಕೆ ಸಂಖ್ಯೆ ಹಾಕಿದೆ:

"ಚಾಲಕನ ಅರ್ಹತೆಯನ್ನು ಕಾಪಾಡುವ ಹಿತದೃಷ್ಟಿಯಿಂದ ಕಾರಿನ ಹೀಟರನ್ನು ಸದಾ ಚಾಲನೆಯಲ್ಲಿಡತಕ್ಕದ್ದು. ಗಾಜುಗಳನ್ನು ಇಳಿಸತಕ್ಕದ್ದಲ್ಲ. ಉಷ್ಣಾಂಶವು ಮೂವತ್ತೆರಡಕ್ಕಿಂತ ಕಡಿಮೆಯಾದಲ್ಲಿ ಚಾಲಕನು ವಾಹನವನ್ನು ರಸ್ತೆಬದಿಗೆ ನಿಲ್ಲಿಸಿ, ತಾನು ಪುನಃ ಅರ್ಹನಾಗುವವರೆಗೆ ಕಾಯತಕ್ಕದ್ದು."

ಮೂರು ದಿನ ನಿರ್ದೇಶಕರು ತೊಯ್ದು ತೊಪ್ಪೆಯಾಗಿ ಕಚೇರಿಗೆ ಬಂದರು. ಚಾಲಕನನ್ನು ಬೈಯುವಂತಿಲ್ಲ, ಸಹಿ ಅವರದೇ. ನಾಲ್ಕನೆಯ ದಿನ ಅಳತೆಯ ಸರದಿ ಅವರದಾಗಿತ್ತು. ಯಂತ್ರ ಅಷ್ಟರಲ್ಲಿ ದಾಖಲೆ ಕೋಣೆಗೆ ಮರಳಿತ್ತು. ಹಿಂದಿನ ತಿಂಗಳು ಅವರದು 27.1 ಬಂದಿತ್ತು. ಆ ಚೀಟಿ ಮುಚ್ಚಿದ ಲಕೋಟೆಯಲ್ಲಿದ್ದುದರಿಂದ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾರಿನಿಂದ ಇಳಿದವರು ಬೆವರು ಆರುವ ಮುಂಚೆಯೇ ಯಂತ್ರ ಹತ್ತಿದರು. 24.9 ಬಂತು.

"ಕಾರು ಬಹಳ ಚೆನ್ನಾಗಿದೆ," ಎಂದರು.

ಅಂದಿನಿಂದ ಪ್ರತಿ ತಿಂಗಳ ಮೊದಲ ತಾರೀಕು ಬೆಳಿಗ್ಗೆ ನೌಕರರನ್ನು ನಾಲ್ಕು ನಾಲ್ಕು ಜನರಂತೆ ಕಾರಿನಲ್ಲಿ ಕೂರಿಸಿ ಆವರಣದಲ್ಲಿ ಮೂರು ಸುತ್ತು ಹಾಕಿಸಲಾಗುತ್ತಿದೆ. ಇಳಿದವರು ಯಂತ್ರದ ಕಡೆ ಓಡತಕ್ಕದ್ದು. ಈಗ ನಮ್ಮಲ್ಲಿ ಒಬ್ಬರೂ ಅನರ್ಹರಿಲ್ಲ. ಚಾಲಕನ ಹುದ್ದೆಯನ್ನು 'ಅತ್ಯಗತ್ಯ' ಎಂದು ವರ್ಗೀಕರಿಸಲಾಗಿದೆ. ಇಂಥದೇ ಕಾರು ತಮಗೂ ಬೇಕೆಂದು ಮೂರು ನಿರ್ದೇಶನಾಲಯಗಳು ಪತ್ರ ಬರೆದಿವೆ.

ಮೊನ್ನೆ ಮೊದಲ ತಾರೀಕಿಗೆ ಸರಿಯಾಗಿ ಉಗ್ರಾಣಾಧಿಕಾರಿಗಳು ತರಬೇತಿ ಮುಗಿಸಿ ಬಂದರು. ಯಂತ್ರ ಹತ್ತಿದರು, 26.8. ಗಾಬರಿಯಿಂದ ಜೇಬು ತಡಕಿ ಬೀಗದಕೈ ತೆಗೆದರು.

"ರಿಮೋಟು ಇಲ್ಲೇ ಬೀರುವಿನಲ್ಲಿದೆ. ಕೋಣೆ ಸ್ವಲ್ಪ ಬೆಚ್ಚಗೆ ಮಾಡ್ಲಾ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾಕೆ?" ಎಂದು ಕೇಳಿದರು ಮೇಲ್ವಿಚಾರಕಿ. "ಕೋಣೆ ಸರಿಯಾಗೇ ಇದೆಯಲ್ಲ."

ಹೊರಗೆ ಚಾಲಕ ಹೆಗಲ ಮೇಲೆ ಟವೆಲು ಹಾಕಿಕೊಂಡು ಕಾರಿನ ಹಿಂಬಾಗಿಲು ತೆರೆದು ಹಿಡಿದಿದ್ದ.

"ಬನ್ನಿ ಸಾರ್, ಒಂದು ಸೀಟು ಖಾಲಿ ಇದೆ. ಬೇಗ ಬಾಗಿಲು ಹಾಕ್ಕೊಳ್ಳಿ, ಬಿಸಿ ಹೋಗುತ್ತೆ."