ಉಸಿರಾಟದ ವೇಳಾಪಟ್ಟಿ

ಮನುಷ್ಯನು ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಉಸಿರಾಡುತ್ತಾನೆಂಬ ಸಂಗತಿ, ಮತ್ತು ಅದಕ್ಕಾಗಿ ಅವನು ಯಾವ ಕಚೇರಿಯ ಪರವಾನಿಗೆಯನ್ನೂ ಪಡೆದಿರುವುದಿಲ್ಲವೆಂಬ ಸಂಗತಿ, ೧೯೮೪ನೆಯ ಇಸವಿಯ ಜೂನ್ ತಿಂಗಳವರೆಗೆ ನಮ್ಮ ಇಲಾಖೆಯ ಗಮನಕ್ಕೆ ಬಂದಿರಲಿಲ್ಲ. ಬಂದ ಕೂಡಲೇ ಕ್ರಮ ಜರುಗಿಸಲಾಯಿತು. ಆ ಕ್ರಮದ ಕಡತ ಇಟ್ಟವನು ನಾನೇ. ಕುಂದಗೋಳದ ಚಹಾದಂಗಡಿಯಲ್ಲಿ ಕೂತು ಬಾಯಿಗೆ ಬಂದಂತೆ ಮಾತಾಡುವ ಮಂದಿಗೆ ಒಂದು ಸಲ ಸರಿಯಾಗಿ ತಿಳಿಸಿ ಹೇಳುವುದು ನನ್ನ ಕರ್ತವ್ಯವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಕುಬೇರಪ್ಪ, ಊರು ಅಣ್ಣಿಗೇರಿ, ಹುದ್ದೆ ಹೆಡ್ ಕ್ಲಾರ್ಕ್.

ನಮ್ಮದು ವಿಕಿರಣಶೀಲ ಖನಿಜ ಮಾದರಿ ಶಿಬಿರ. ಇದೇ ಕುಂದಗೋಳದ ರೈಲ್ವೆ ಹಳಿಯ ಬಾಜೂಕ, ಹತ್ತಿ ಬಿಡಿಸುತ್ತಿದ್ದ, ಈಗ ಮುಚ್ಚಿಹೋದ ಜಿನ್ನಿನ ಶೆಡ್ಡಿನಲ್ಲಿ ನಡೆಯುತ್ತದೆ. ಎಲ್ಲಿಂದಲೋ ಲಾರಿಯಲ್ಲಿ ಕಪ್ಪು ಕಲ್ಲು ಬರುತ್ತದೆ. ನಮ್ಮ ಇಪ್ಪತ್ತಮೂರು ಕೂಲಿಯವರು ಅದನ್ನು ಯಂತ್ರಕ್ಕೆ ಸುರಿದು, ಹಿಟ್ಟು ಮಾಡಿ, ಜರಡಿ ಹಿಡಿದು, ಚೀಲಕ್ಕೆ ತುಂಬುತ್ತಾರೆ. ಈ ಕಲ್ಲಿನಿಂದ ಕಣ್ಣಿಗೆ ಕಾಣದ ಕಿರಣಗಳು ಹೊರಡುತ್ತವೆ, ಅದರ ಧೂಳು ಎದೆಯೊಳಗೆ ಕೂತರೆ ಮತ್ತೆ ಏಳುವುದಿಲ್ಲ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಕೈಪಿಡಿ ಗೌಪ್ಯವಾದ್ದರಿಂದ ಕೂಲಿಯವರಿಗೆ ತೋರಿಸಿರಲಿಲ್ಲ. ಶೆಡ್ಡಿನ ಹದಿನಾಲ್ಕೂ ಕಿಟಕಿಗಳಿಗೆ ಹಲಗೆ ಹೊಡೆದಿದ್ದೆವು. ಧೂಳು ಸರ್ಕಾರದ ಆಸ್ತಿ, ಗಾಳಿಗೆ ಹಾರಿಹೋದರೆ ಜವಾಬ್ದಾರಿ ಯಾರದು?

ಇಷ್ಟು ಕಾಳಜಿ ವಹಿಸಿದರೂ ಜೂನ್ ತಿಂಗಳ ತಪಾಸಣೆಯಲ್ಲಿ, ಬಂದ ಕಲ್ಲಿನ ತೂಕಕ್ಕೂ ಹೋದ ಹಿಟ್ಟಿನ ತೂಕಕ್ಕೂ ಆರು ಕಿಲೊ ವ್ಯತ್ಯಾಸ ಬಂತು. ಕೂಲಿಯವರ ಬುತ್ತಿಗಂಟು ಬಿಚ್ಚಿ ನೋಡಿದೆವು, ರೊಟ್ಟಿ ಮುರಿದು ನೋಡಿದೆವು. ಕೊನೆಗೆ ತಪಾಸಣೆಯವರೇ ಪತ್ತೆ ಹಚ್ಚಿದರು. ಅವರ ವರದಿಯ ಒಕ್ಕಣೆ ಹೀಗಿತ್ತು: “ಕಾರ್ಮಿಕರು ಕೆಲಸದ ವೇಳೆಯಲ್ಲಿ ಅನಿಯಂತ್ರಿತವಾಗಿ ಉಸಿರಾಡುತ್ತಿದ್ದು, ತನ್ಮೂಲಕ ಸರ್ಕಾರಿ ಧೂಳನ್ನು ಶ್ವಾಸಕೋಶಗಳಲ್ಲಿ ತುಂಬಿಕೊಂಡು ಮನೆಗೆ ಒಯ್ಯುತ್ತಿರುವುದು ಕಂಡುಬಂದಿದೆ.” ಇದನ್ನು ತಡೆಯಲು ಮೇಲಿನ ಕಚೇರಿಯಿಂದ ಏಳು ಮಾಸ್ಕುಗಳು ಬಂದವು.

ಪೆಟ್ಟಿಗೆ ಬಂದ ಸುದ್ದಿ ತಿಳಿದು ಮೊದಲು ನನ್ನ ಟೇಬಲ್ಲಿಗೆ ಬಂದವನು ಮಂಜಪ್ಪ. ಯಂತ್ರದ ಬಾಯಿಗೆ ಕಲ್ಲು ಸುರಿಯುವವನು. ಸುತ್ತ ಹತ್ತೂರಿನ ಮದುವೆಗಳಲ್ಲಿ ಸನಾದಿ ಊದುವವನೂ ಅವನೇ.

“ಸಾಹೇಬ್ರ, ಒಂದ್ ಮಾಸ್ಕ ನನಗ ಕೊಡ್ರಿ,” ಎಂದ. “ಉಸುರ ಅಂದ್ರ ನನ್ನ ಜೀವನಾರೀ. ಬರೋ ವೈಶಾಖದಾಗ ಮಗಳು ಅನ್ನವ್ವನ ಮದಿವಿ ಐತಿ. ಅಕ್ಕಿಕಾಳ ಬೀಳೂ ಹೊತ್ತಿಗೆ ಅಪ್ಪನಽ ಊದಬೇಕಂತ ಆಕಿ ಹಟ ಹಿಡದಾಳ. ಈಗ ಊದಾಕ ಕುಂತ್ರ ಎದಿಯಾಗ ಮರಳ ಉರುಳಿದಂಗ ಆಗ್ತೈತ್ರಿ.”

“ಮಂಜಪ್ಪಾ, ಮಾಸ್ಕು ಬೇಡಿದವರಿಗೆ ಕೊಡೂ ಸಾಮಾನಲ್ಲ. ಹೊಂದಿದವರಿಗೆ ಕೊಡೂ ಸಾಮಾನು. ಪರೀಕ್ಷಾ ಐತಿ, ಬಾ,” ಎಂದೆ.

ಪೆಟ್ಟಿಗೆ ಒಡೆದವನು ಸ್ಟೋರ್‌ಕೀಪರ್ ದಾವೂದಸಾಬ. ಒಡೆದವನೇ ಒಂದು ಮಾಸ್ಕನ್ನು ಬೆಳಕಿಗೆ ಹಿಡಿದು, ಅದರ ಮೂತಿಯ ತೂತಿನಿಂದ ನನ್ನನ್ನು ನೋಡಿದ.

“ಕುಬೇರಪ್ಪಾರ, ಇಲ್ಲಿ ತಿರುವೂ ಗಾಳಿ ಸೋಸೂ ಡಬ್ಬಿನಽ ಬಂದಿಲ್ಲಲ್ರಿ. ಇದನ್ನ ಹಾಕ್ಕೊಂಡ್ರ ಧೂಳು ಸೀದಾ ಬಾಯಾಗ ಬೀಳ್ತೈತಿ.”

ಜೊತೆಗಿದ್ದ ಪತ್ರ ಓದಿ ಹೇಳಿದೆ. ಮಾಸ್ಕುಗಳು ತೃಪ್ತಿಕರವಾಗಿ ಕೆಲಸ ಮಾಡುತ್ತಿವೆಯೆಂಬ ದೃಢೀಕರಣ ತಲುಪಿದ ನಂತರವೇ ಡಬ್ಬಿಗಳನ್ನು ಕಳಿಸಲಾಗುವುದು ಎಂದಿತ್ತು. ದಾವೂದಸಾಬ ಹಣೆ ಬಡಿದುಕೊಂಡ. ಒಳ್ಳೆಯ ಮನುಷ್ಯ, ಆದರೆ ಅವನಿಗೆ ಸಾಮಾನು ತಿಳಿಯುತ್ತದೆ, ಆಡಳಿತ ತಿಳಿಯುವುದಿಲ್ಲ.

ಪರೀಕ್ಷೆಯ ಕ್ರಮ ಕೈಪಿಡಿಯಲ್ಲಿತ್ತು. ಮಾಸ್ಕು ಹಾಕಿಕೊಂಡವನ ಸುತ್ತ ಕಿರಿಕಿರಿಯ ಹೊಗೆ ಬಿಡಬೇಕು. ಎರಡು ನಿಮಿಷ ಕೆಮ್ಮದೆ ನಿಂತರೆ ಮಾಸ್ಕು ಹೊಂದಿತೆಂದು ಅರ್ಥ. ಕೆಮ್ಮಿದರೆ ಆ ಮುಖ ಮಾಸ್ಕಿಗೆ ಅಯೋಗ್ಯ. ಹೇಳಿದ ಹೊಗೆಯ ನಳಿಗೆ ನಮ್ಮಲ್ಲಿರಲಿಲ್ಲ, ಆದ್ದರಿಂದ ಸ್ಥಳೀಯವಾಗಿ ಲಭ್ಯವಿರುವ ಪದಾರ್ಥ ಬಳಸಲು ಶಿಬಿರಾಧಿಕಾರಿ ಮಡಿವಾಳೆಪ್ಪ ಸಾಹೇಬರು ಆದೇಶಿಸಿದರು. ಒಲೆ ಹೂಡಿ, ಹಂಚಿಟ್ಟು, ಒಂದು ಶೇರು ಒಣಮೆಣಸಿನಕಾಯಿ ಹುರಿಯಲಾಯಿತು. ಹುರಿಯಲು ಕೂತವಳು ಮಂಜಪ್ಪನ ಹೆಂಡತಿ ಸಾವಂತ್ರೆವ್ವ. ಅವಳೂ ನಮ್ಮಲ್ಲೇ ಜರಡಿ ಹಿಡಿಯುತ್ತಾಳೆ, ಬಾಯಿ ಮಾತ್ರ ಬಲು ಜೋರು.

“ಮಂದಿ ಕೆಮ್ಮಬಾರದು ಅಂತ ಮಾಸ್ಕ ತರಸೀರಿ. ಮತ್ತ ಕೆಮ್ಮಲಿ ಅಂತ ಮೆಣಸಿನಕಾಯಿ ಯಾಕ ಸುಡಸ್ತೀರಿ?” ಎಂದಳು. ನಾನು ಸೀನುತ್ತಿದ್ದೆ, ಸಾಹೇಬರು ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಇಪ್ಪತ್ತೆರಡು ಜನ ಅಯೋಗ್ಯರೆಂದು ನಮೂದಾದರು. ಮಂಜಪ್ಪ ಮಾತ್ರ ಎರಡು ನಿಮಿಷ ಕಂಬದಂತೆ ನಿಂತ. ಮಾಸ್ಕು ತೆಗೆದಾಗ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಆದರೆ ಕೆಮ್ಮಿರಲಿಲ್ಲ.

“ಹೆಂಗ ತಡದಿ?” ಎಂದು ಸಾಹೇಬರು ಕೇಳಿದರು.

“ಉಸುರಽ ಆಡಲಿಲ್ರಿ ಸಾಹೇಬ್ರ. ಸನಾದಿ ಊದಾಂವಗ ಉಸುರ ಹಿಡಿಯೂದು ರೂಢಿ ಇರ್ತೈತ್ರಿ.”

ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, “ಕುಬೇರಪ್ಪಾ, ಉಸುರಾಡದಽ ಕೆಲಸ ಮಾಡಬಹುದು ಅಂತಾಯ್ತಲ್ಲೋ! ಇಷ್ಟು ದಿವಸ ನಮ್ಮ ಲಕ್ಷ್ಯಕ್ಕ ಬರಲಿಲ್ಲ ನೋಡು,” ಎಂದರು. ಖರೇ ಹೇಳುತ್ತೇನೆ, ಅವರ ಬುದ್ಧಿ ಕಂಡು ಆ ಗಳಿಗೆಯಲ್ಲಿ ನನ್ನ ಮೈ ಜುಮ್ಮೆಂದಿತು.

ಮರುದಿನವೇ ಸುತ್ತೋಲೆ ಹೊರಟಿತು. ಯಂತ್ರಕ್ಕೆ ಕಲ್ಲು ಸುರಿದಾಗ ಏಳುವ ಧೂಳು ಮುಕ್ಕಾಲು ನಿಮಿಷದಲ್ಲಿ ಕೆಳಗೆ ಕೂಡತಕ್ಕದ್ದು. ಆ ಮುಕ್ಕಾಲು ನಿಮಿಷ ಯಾವ ಕಾರ್ಮಿಕನೂ ಉಸಿರಾಡತಕ್ಕದ್ದಲ್ಲ, ಮೂಗು ಹಿಡಿದು ತಲೆ ಬಗ್ಗಿಸಿ ನಿಲ್ಲತಕ್ಕದ್ದು. ನಡುವೆ ಉಸಿರಾಡಿದವರ ಹೆಸರನ್ನು ಉಸಿರಾಟದ ವಹಿಯಲ್ಲಿ ಬರೆಯತಕ್ಕದ್ದು, ಮೂರು ಸಲ ಬರೆಯಲ್ಪಟ್ಟವರಿಗೆ ಅರ್ಧ ದಿನ ರಜೆ ಕಡಿತ. ಸೀನುವವರು ಮುಂಗಡ ಅರ್ಜಿ ಕೊಡತಕ್ಕದ್ದು.

ತೊಡಕು ಬಂದದ್ದು ಸೂಚನೆಯ ವಿಷಯದಲ್ಲಿ. ಯಂತ್ರದ ಸಪ್ಪಳಕ್ಕೆ ಗಂಟೆ ಕೇಳಿಸುತ್ತಿರಲಿಲ್ಲ, ಸೀಟಿ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದು ಒಂದೇ, ಮಂಜಪ್ಪನ ಸನಾದಿ. ಹೀಗಾಗಿ ಸನಾದಿ ಮೊಳಗಿದಾಗ ಉಸಿರು ನಿಲ್ಲಿಸುವುದು, ಅದು ಮುಗಿದಾಗ ಉಸಿರಾಡುವುದು ಎಂದು ನಿಯಮವಾಯಿತು. ಕಲ್ಲು ಸುರಿಯುವ ಕೆಲಸದಿಂದ ಬಿಡಿಸಿ, ಮಂಜಪ್ಪನನ್ನು ಯಂತ್ರದ ಪಕ್ಕದಲ್ಲೇ, ಎಲ್ಲರಿಗೂ ಕಾಣುವಂತೆ ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಲಾಯಿತು. ಧೂಳು ಮೊದಲು ಏರುವುದೂ ಅಲ್ಲಿಗೇ.

ಸನಾದಿಯವರು ನಾದ ಕಡಿಯದಂತೆ ಊದುವ ಬಗೆ ಗೊತ್ತಿದ್ದವರಿಗೆ ಗೊತ್ತು. ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು ಊದುತ್ತಲೇ ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಾರೆ. ಅಂದರೆ ಇಡೀ ಶೆಡ್ಡು ಉಸಿರು ಹಿಡಿದು ನಿಂತ ಹೊತ್ತಿನಲ್ಲಿ ಉಸಿರಾಡುವವನು ಮಂಜಪ್ಪ ಒಬ್ಬನೇ. ದಾವೂದಸಾಬ ಇದನ್ನು ಎತ್ತಿ ಆಡಿದ. “ಎಲ್ಲಾರ ಪಾಲಿನ ಧೂಳೂ ಅಂವ ಒಬ್ಬನಽ ಕುಡೀತಾನಲ್ರಿ,” ಎಂದ. ನಾನು ತಕ್ಷಣ ಮಂಜಪ್ಪನ ಹೆಸರಿನ ಮುಂದೆ ‘ಅವಶ್ಯಕ ಸೇವೆ, ಉಸಿರಾಟಕ್ಕೆ ವಿನಾಯಿತಿ’ ಎಂದು ಬರೆದು ಅಡಚಣೆ ನಿವಾರಿಸಿದೆ.

ಪರೀಕ್ಷೆಯಲ್ಲಿ ಪಾಸಾದವನು ಅವನೊಬ್ಬನೇ ಆದ್ದರಿಂದ ಅವನಿಗೊಂದು ಮಾಸ್ಕು ಕೊಡಬೇಕಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಮಾಸ್ಕು ಹಾಕಿಕೊಂಡರೆ ಸನಾದಿ ಊದಲು ಬರುವುದಿಲ್ಲ. ಸನಾದಿ ಊದದಿದ್ದರೆ ಇಪ್ಪತ್ತೆರಡು ಜನರ ಸುರಕ್ಷತೆಗೆ ಭಂಗ. ಏಳೂ ಮಾಸ್ಕುಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ದಸರೆಯ ಖಂಡೇಪೂಜಿಯ ದಿನ ಮಾತ್ರ ಹೊರಗೆ ತೆಗೆದು, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ಕಾಯಿ ಒಡೆಯುತ್ತೇವೆ.

ಸನಾದಿಯನ್ನು ಸುರಕ್ಷತಾ ಉಪಕರಣವೆಂದು ಸಾಮಾನಿನ ಯಾದಿಗೆ ಸೇರಿಸಲಾಯಿತು. ದಾವೂದಸಾಬ ಅದರ ಮೇಲೆ ಬಿಳಿ ಬಣ್ಣದಿಂದ ನಂಬರು ಬರೆದ. ನಂಬರು ಸೊಟ್ಟಗಾಯಿತು. ಮಂಜಪ್ಪ ನೋಡುತ್ತ ನಿಂತಿದ್ದ.

“ಇದು ನಮ್ಮಪ್ಪಂದ್ರೀ,” ಎಂದ.

“ಇನ್ನ ಮ್ಯಾಲೆ ಸರ್ಕಾರದ್ದು. ಹೆಚ್ಚಿನ ಮರ್ಯಾದಿ ಸಿಕ್ಕಂಗ ಆತಲ್ಲಪ್ಪಾ,” ಎಂದೆ.

ಶ್ರಾವಣದಲ್ಲಿ ನಾದ ಮುಕ್ಕಾಲು ನಿಮಿಷ ನಿಲ್ಲುತ್ತಿತ್ತು. ದೀಪಾವಳಿಯ ಹೊತ್ತಿಗೆ ಅರ್ಧ ನಿಮಿಷಕ್ಕೆ ಬಂತು. ನಾನು ಸ್ಟಾಪ್‌ವಾಚು ಹಿಡಿದು ಬರೆದಿಟ್ಟಿದ್ದೇನೆ, ಸುಳ್ಳಲ್ಲ. ಸಾಹೇಬರಿಗೆ ತೋರಿಸಿದಾಗ ಅವರು ಸಂತೋಷಪಟ್ಟು, ಧೂಳು ಇನ್ನು ಮುಂದೆ ಅರ್ಧ ನಿಮಿಷದಲ್ಲೇ ಕೂಡತಕ್ಕದ್ದೆಂದು ತಿದ್ದುಪಡಿ ಹೊರಡಿಸಿದರು. ಸಂಕ್ರಾಂತಿಗೆ ನಾದ ಇಪ್ಪತ್ತು ಸೆಕೆಂಡಿಗೆ ಇಳಿಯಿತು. ಮತ್ತೊಂದು ತಿದ್ದುಪಡಿ. ವರ್ಷದ ವರದಿಯಲ್ಲಿ ಇದನ್ನು ಪ್ರಗತಿ ಎಂದು ತೋರಿಸಿದೆವು. ಆರು ಕಿಲೊ ವ್ಯತ್ಯಾಸ ಹಾಗೆಯೇ ಉಳಿದಿತ್ತು, ಆದರೆ ಈಗ ಅದು ನಿಯಮಬದ್ಧವಾಗಿತ್ತು.

ಹೋಳಿ ಮುಗಿದ ವಾರ ಸಾವಂತ್ರೆವ್ವ ಜರಡಿ ಬಿಟ್ಟು ಸೀದಾ ಕಚೇರಿಗೆ ನುಗ್ಗಿದಳು. ಸೀರೆ, ತಲೆ, ರೆಪ್ಪೆ ಎಲ್ಲ ಬೂದಿಬಣ್ಣ.

“ನನ್ನ ಗಂಡ ಎರಡ ಮೆಟ್ಟಲಾ ಹತ್ತಿದ್ರ ಕುಂಡ್ರತಾನ್ರಿ. ಆ ಕಪಾಟ ತಗೀರಿ. ಮಾಸ್ಕ ಬ್ಯಾಡ, ಆ ಕಿಟಕ್ಯಾರ ತಗೀರಿ.”

“ಕಿಟಕಿ ತಗದ್ರ ಧೂಳು ಹೋಗ್ತೈತಿ, ತಂಗಿ,” ಎಂದರು ಸಾಹೇಬರು, ಬಹಳ ಶಾಂತವಾಗಿ.

“ಹೋಗ್ಲಿ ಅಂತನಽ ಹೇಳಾಕತ್ತೀನಿ!”

ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೂ ಸಾಕಾಯಿತು. ಅವಳು ಒಂದು ವಿಷಯದಲ್ಲಿ ಮಾತ್ರ ಪಟ್ಟು ಬಿಡಲಿಲ್ಲ: ಮಗಳ ಮದುವೆಗೆ ಸನಾದಿ ಬೇಕೇ ಬೇಕು. ಸುರಕ್ಷತಾ ಉಪಕರಣವನ್ನು ಶಿಬಿರದ ಹೊರಗೆ ಒಯ್ಯಬೇಕಾದರೆ ಜವಾಬ್ದಾರಿಯುತ ನೌಕರನೊಬ್ಬ ಜೊತೆಗಿರಬೇಕು. ನಾನೇ ಹೋಗುತ್ತೇನೆಂದು ಸಹಿ ಮಾಡಿದೆ. ನನಗೂ ಮನಸ್ಸಿದೆ, ಮಂದಿ ತಿಳಿದಂತೆ ನಾನೇನು ಕಲ್ಲಲ್ಲ.

ವೈಶಾಖದ ಒಂದು ಬೆಳಗು, ಮಂಜಪ್ಪನ ಮನೆಯ ಮುಂದಿನ ಹಂದರ. ನಮ್ಮ ಕೂಲಿಯವರೆಲ್ಲ ಬಂದಿದ್ದರು. ಬೀಗರು ಬಮ್ಮಿಗಟ್ಟಿಯವರು, ಮರ್ಯಾದಸ್ಥರು. ಅನ್ನವ್ವ ಬಾಸಿಂಗ ಕಟ್ಟಿಕೊಂಡು ನಿಂತು ಅಪ್ಪನ ಕಡೆಗೇ ನೋಡುತ್ತಿದ್ದಳು. ಎಲ್ಲರ ಮುಷ್ಟಿಯಲ್ಲಿ ಅಕ್ಕಿಕಾಳು. ನಾನು ಸನಾದಿಯನ್ನು ಚೀಲದಿಂದ ತೆಗೆದು, ಸಹಿ ಹಾಕಿಸಿಕೊಂಡು, ಮಂಜಪ್ಪನ ಕೈಗೆ ಕೊಟ್ಟು, ಸ್ಟಾಪ್‌ವಾಚು ಒತ್ತಿದೆ.

ನಾದ ಎದ್ದಿತು. ಚೆನ್ನಾಗಿಯೇ ಎದ್ದಿತು. ಎದ್ದ ಕೂಡಲೇ ನಮ್ಮ ಕೂಲಿಯವರು ಒಬ್ಬರೂ ತಪ್ಪದೆ ಮೂಗು ಹಿಡಿದು ತಲೆ ಬಗ್ಗಿಸಿದರು. ನಾನೂ ಹಿಡಿದೆ. ಇದು ಈ ಮನೆತನದ ಪದ್ಧತಿ ಇರಬೇಕೆಂದು ಬೀಗರೂ ಮೂಗು ಹಿಡಿದರು. ಆರತಿ ತಟ್ಟೆ ಹಿಡಿದಿದ್ದ ಮುತ್ತೈದೆಯರು ಇನ್ನೊಂದು ಕೈಯಿಂದ ಹಿಡಿದರು. ಮದುಮಗನೂ ಬಾಸಿಂಗದೊಳಗೆ ಬೆರಳು ತೂರಿಸಿದ.

ಏಳನೆಯ ಸೆಕೆಂಡಿಗೆ ನಾದ ಒಡೆಯಿತು. ಸರಿಯಾಗಿ ಮುಗಿಯಲಿಲ್ಲ, ನಡುವೆಯೇ ಹರಿಯಿತು. ಮಂಜಪ್ಪ ಕಂಬಕ್ಕೆ ಆತುಕೊಂಡು ಮತ್ತೆ ತುಟಿಗೆ ಹಚ್ಚಿದ. ಗಾಳಿ ಬಂತು, ಸ್ವರ ಬರಲಿಲ್ಲ. ನಿಯಮದ ಪ್ರಕಾರ ನಾದ ಮುಗಿದ ಮೇಲೆ ಉಸಿರಾಡಬೇಕು. ಮುಗಿದಿದೆಯೋ ಇಲ್ಲವೋ ಎಂದು ಯಾರಿಗೂ ಖಚಿತವಿರಲಿಲ್ಲ. ಇನ್ನೂರು ಜನರ ಹಂದರ ಮೂಗು ಹಿಡಿದೇ ನಿಂತಿತ್ತು. ಅಕ್ಕಿಕಾಳು ಮುಷ್ಟಿಯಲ್ಲೇ ಇತ್ತು. ಮಂಜಪ್ಪ ಮೂರನೆಯ ಸಲ ಊದಿದ.

“ಯಪ್ಪಾ, ಸಾಕು ಬಿಡೋ,” ಎಂದಳು ಅನ್ನವ್ವ. ಅವಳ ಕಾಡಿಗೆ ಗಲ್ಲಕ್ಕೆ ಇಳಿದಿತ್ತು. “ನಂಗ ಸನಾದಿ ಬ್ಯಾಡ. ನೀ ಉಸುರಾಡು.”

ಹಂದರವೆಲ್ಲ ಒಮ್ಮೆಲೇ ಉಸಿರು ಬಿಟ್ಟಿತು. ಅಕ್ಕಿಕಾಳು ಬಿತ್ತು, ಮದುವೆ ಆಯಿತು. ಸನಾದಿಯನ್ನು ನಾನು ಮರಳಿ ಪಡೆದು ಸಹಿ ಹಾಕಿದೆ. ನನ್ನ ಕಣ್ಣಲ್ಲಿ ನೀರಿತ್ತೆಂದು ದಾವೂದಸಾಬ ಹೇಳುತ್ತಾನೆ. ಹಂದರದ ಹೊಗೆ ಇರಬಹುದು.

ಅಧಿಕಾರವಿಲ್ಲದ ವ್ಯಕ್ತಿಯೊಬ್ಬಳು, ಅಂದರೆ ಮದುಮಗಳು, ಸಾಮೂಹಿಕವಾಗಿ ಉಸಿರಾಡಲು ಅನುಮತಿ ಕೊಟ್ಟದ್ದನ್ನು ನಾನು ವರದಿ ಮಾಡಲೇಬೇಕಾಯಿತು. ಸಾಹೇಬರು ದೊಡ್ಡ ಮನಸ್ಸಿನಿಂದ ಅದನ್ನು ಮನ್ನಿಸಿದರು. ಅಷ್ಟೇ ಅಲ್ಲ, ಬಾಯಿಮಾತು ಸನಾದಿಗಿಂತ ಪರಿಣಾಮಕಾರಿ ಎಂದು ಕಂಡುಕೊಂಡರು. ಸನಾದಿಯನ್ನು ದಾವೂದಸಾಬ ಪರೀಕ್ಷಿಸಿ, ಉಪಕರಣದಲ್ಲಿ ಯಾವ ದೋಷವೂ ಇಲ್ಲ, ದೋಷ ಊದುವವನಲ್ಲಿದೆ ಎಂದು ಬರೆದುಕೊಟ್ಟ. ಮಂಜಪ್ಪನ ಹೆಸರನ್ನು ಕೂಲಿಯವರ ಯಾದಿಯಿಂದ ತೆಗೆದು, ಕಟ್ಟೆಯ ಮೇಲೆ ಸಾವಂತ್ರೆವ್ವನನ್ನು ನಿಲ್ಲಿಸಲಾಗಿದೆ. ಅವಳ ದನಿ ಯಂತ್ರಕ್ಕೂ ಮೀರಿ ಕೇಳುತ್ತದೆ. “ಹಿಡೀರಿ,” ಎನ್ನುತ್ತಾಳೆ, ಹಿಡಿಯುತ್ತಾರೆ. “ಆಡ್ರಿ,” ಎನ್ನುತ್ತಾಳೆ, ಆಡುತ್ತಾರೆ. ಯಾರ ತಕರಾರೂ ಇಲ್ಲ. ಕಳೆದ ತಿಂಗಳು ಮಾಸ್ಕಿನ ಸೋಸುವ ಡಬ್ಬಿಗಳೂ ಬಂದವು, ನೂರು ನಗ. ಧೂಳು ಹಿಡಿಯಬಾರದೆಂದು ಮಾಸ್ಕುಗಳ ಜೊತೆಗೇ ಕಪಾಟಿನಲ್ಲಿಟ್ಟಿದ್ದೇವೆ.

ಮಂಜಪ್ಪ ಈಗ ಮನೆಯಲ್ಲೇ ಇರುತ್ತಾನೆ. ಹೊರಸಿನ ಮೇಲೆ ಮಲಗಿದಲ್ಲೇ ಆಗಾಗ ಉಸಿರು ಹಿಡಿದು ಹೆಂಡತಿಯ ಮುಖ ನೋಡುತ್ತಾನಂತೆ. ಅವಳು “ಆಡು” ಎಂದ ಮೇಲೆಯೇ ಬಿಡುತ್ತಾನಂತೆ. ಅವಳು ಕೆಲಸಕ್ಕೆ ಬಂದ ಹೊತ್ತಿನಲ್ಲಿ ಹೇಗೆ ಮಾಡುತ್ತಾನೋ ತಿಳಿಯದು. ಶಿಬಿರದ ಹೊರಗೂ ನಿಯಮ ಪಾಲಿಸುವ ಇಂಥ ಕಾರ್ಮಿಕರು ಅಪರೂಪವೆಂದು ಷರಾ ಬರೆದು, ಕಡತವನ್ನು ಮುಕ್ತಾಯಗೊಳಿಸಿದ್ದೇನೆ.